ಕಪ್ಪು ಕಾರಿನ ಮಡಿ

ಕಳೆದ ಭಾನುವಾರ ಕೊಲ್ಕತ್ತದ ಸಾಲ್ಟ್ ಲೇಕಿನಲ್ಲಿ ನಮ್ಮ ಕನ್ನಡಿಗರೆಲ್ಲ ಸೇರಿ ಆತನಿಗೆ ಶ್ರದ್ಧಾಂಜಲಿ ಸಭೆ ಮಾಡಿದರು. ಫೋಟೋಗೆ ಸುಗಂಧರಾಜದ ಹಾರ ಹಾಕಿದ್ದರು. ಮಾತಾಡಿದವರೆಲ್ಲ ಒಂದೇ ಪದಕ್ಕೆ ಜೋತುಬಿದ್ದರು: ಶಿಸ್ತು. ಎಂಥ ಶಿಸ್ತಿನ ಮನುಷ್ಯ, ಎಷ್ಟು ಸ್ವಚ್ಛತೆ, ಆ ಕಾರು ನೋಡಿದ್ದೀರಾ, ಕೊಂಡ ದಿನ ಹೇಗಿತ್ತೋ ಇವತ್ತಿಗೂ ಹಾಗೇ ಇದೆ! ಎರಡು ನಿಮಿಷ ಮೌನ ಆಚರಿಸಿ ಸಿಂಗಾಡಾ, ಅಂದರೆ ಇಲ್ಲಿಯ ಸಮೋಸಾ, ತಿಂದು ಚಹಾ ಕುಡಿದರು. ಹೊರಡುವಾಗ ಸಂಘದ ಕಾರ್ಯದರ್ಶಿ ನನ್ನ ಹತ್ತಿರ ಬಂದು, “ಮೇಡಂ, ನೀವು ಅವರ ಕೆಳಗಿನ ಫ್ಲ್ಯಾಟಿನವರು, ಬರೆಯೋ ಅಭ್ಯಾಸ ಬೇರೆ ಇದೆ. ಸ್ಮರಣ ಸಂಚಿಕೆಗೆ ಏನಾದ್ರೂ ಬರ್ಕೊಡಿ” ಅಂದರು. ಹೂಂ ಅಂದೆ. ಮನೆಗೆ ಬಂದು ಬರೆಯಲು ಕೂತರೆ ಬಂದದ್ದು ಇದು. ಇದನ್ನು ಅವರು ಅಚ್ಚು ಹಾಕುವುದಿಲ್ಲವೆಂದು ನನಗೆ ಗೊತ್ತು.

ಹೆಸರು ಬರೆಯುವುದಿಲ್ಲ. ಬರೆದರೆ ಹಿಂದೊಂದು ಶ್ರೀ, ಮುಂದೊಂದು ಅವರು ಸೇರಿಸಬೇಕಾಗುತ್ತದೆ. ಆತನ ವಿಷಯದಲ್ಲಿ ನನ್ನ ಲೇಖನಿಗೆ ಬಹುವಚನ ಬರುವುದಿಲ್ಲ.

ಆತ ಇಲ್ಲಿಯ ಒಂದು ಕೇಂದ್ರ ಸರ್ಕಾರಿ ಉದ್ಯಮದಲ್ಲಿ ದೊಡ್ಡ ಅಧಿಕಾರಿ. ನನ್ನ ಯಜಮಾನರು ಅದೇ ಆಫೀಸಿನಲ್ಲಿ ಆತನ ಕೈಕೆಳಗೆ. ಮನೆಯೂ ಹಾಗೇ, ಮೇಲಿನ ಮಹಡಿಯಲ್ಲಿ ಆತ, ಕೆಳಗಿನದರಲ್ಲಿ ನಾವು. ಆತ ಧಾರವಾಡದ ಕಡೆಯವನು, ನಾವು ಮೈಸೂರಿನವರು. ಊರು ಬಿಟ್ಟು ಇಷ್ಟು ದೂರ ಬಂದವರಿಗೆ ತಲೆಯ ಮೇಲಿನ ಮನೆಯಲ್ಲಿ ಕನ್ನಡ ಕೇಳಿಸಿದರೆ ಎಷ್ಟು ಸಂತೋಷವಾಗಬೇಕು ಹೇಳಿ. ನನಗೂ ಆಗಿತ್ತು, ಮೊದಲ ಕೆಲವು ತಿಂಗಳು.

ಆತನನ್ನು ನೆನೆದರೆ ಮೊದಲು ನನ್ನ ಕಣ್ಣಿಗೆ ಕಟ್ಟುವುದು ಒಂದು ಬೆರಳು. ಬಲಗೈ ತೋರುಬೆರಳು. ಅದನ್ನು ನಾಲಿಗೆಗೆ ಒತ್ತಿ ಒದ್ದೆ ಮಾಡಿ, ಬಾನೆಟ್ಟಿನ ಮೇಲೆ ಕೂತ ಯಾವುದೋ ಕಣವನ್ನು ಅದಕ್ಕೆ ಅಂಟಿಸಿಕೊಂಡು ಮೇಲೆತ್ತುತ್ತಿದ್ದ. ಎತ್ತಿದ್ದನ್ನು ಕಣ್ಣ ಹತ್ತಿರ ಹಿಡಿದು ನೋಡಿ, ಪ್ಯಾಂಟಿಗೆ ಒರೆಸಿ, ಮತ್ತೆ ಅದೇ ಬೆರಳು ನಾಲಿಗೆಗೆ. ಕೊಲ್ಕತ್ತದ ಬೀದಿಯ ಧೂಳು, ಮೆಟ್ರೋ ಕೆಲಸದ ಸಿಮೆಂಟು, ಕಾಗೆಯ ಹಿಕ್ಕೆಯ ಚೂರು, ಎಲ್ಲವನ್ನೂ ಆ ಬೆರಳು ಮುಟ್ಟಿ ಬಾಯಿಗೆ ಹೋಗಿ ಬರುತ್ತಿತ್ತು. ಆಗ ಇನ್ನೂ ಚಿಕ್ಕವಳಾಗಿದ್ದ ನನ್ನ ಮಗಳು ಬಾಲ್ಕನಿಯಿಂದ ನೋಡಿ, “ಅಮ್ಮಾ, ಅಂಕಲ್ ಕಾರನ್ನ ಟೇಸ್ಟ್ ಮಾಡ್ತಾ ಇದಾರೆ!” ಎಂದು ಕೂಗಿದಳು. ನಾನು ಅವಳ ಬಾಯಿ ಮುಚ್ಚಿ ಒಳಗೆ ಎಳೆದುಕೊಂಡೆ.

“ತಿಕ್ಕಬಾರದ್ರೀ, ಎತ್ತಬೇಕು,” ಅನ್ನುತ್ತಿದ್ದ. “ಒಣಾ ಅರಿವಿ ಹಚ್ಚಿ ತಿಕ್ಕಿದ್ರ ಆ ಧೂಳೇ ಗಾಡೀನ್ನ ಕೆರೀತದ.”

ಕಾರು ಕಪ್ಪು. ಎಂಥ ಕಪ್ಪು ಅಂದರೆ ಹತ್ತಿರ ನಿಂತರೆ ನಮ್ಮ ಕಣ್ಣಿನ ಸುತ್ತಲಿನ ಸುಕ್ಕೂ ಅದರಲ್ಲಿ ಕಾಣಿಸುತ್ತಿತ್ತು. ಬಿಳಿ ಕಾರು ಕೊಳ್ಳಿ, ಈ ಊರಿನ ಧೂಳಿಗೆ ಅದೇ ಸರಿ ಎಂದು ಎಲ್ಲರೂ ಹೇಳಿದ್ದರಂತೆ. ಆದರೆ ಆತನ ಹಿಂದಿನ ಮೇಲಧಿಕಾರಿ ಕಪ್ಪು ಕಾರಿನಲ್ಲಿ ಬರುತ್ತಿದ್ದ, ಅವನಿಗಾಗಿ ಆತ ಬಾಗಿಲು ತೆರೆದು ನಿಲ್ಲುತ್ತಿದ್ದ. ತನ್ನ ಸರದಿ ಬಂದ ದಿನ ಹೋಗಿ ಕಪ್ಪನ್ನೇ ತಂದ. “ಕರೀ ಬಣ್ಣ ಸುಳ್ಳ ಹೇಳೂದಿಲ್ರೀ. ಬಿಳೀ ಗಾಡಿ ಹೊಲಸ ಮುಚ್ಚಿಟ್ಕೋತದ, ಕರೇದು ಎಲ್ಲಾ ತೋರಸ್ತದ” ಎಂದು ಎಲ್ಲರಿಗೂ ಹೇಳುತ್ತಿದ್ದ. ಮಾತು ನಿಜವೇ. ಆ ಕಾರು ಎಲ್ಲವನ್ನೂ ತೋರಿಸಿತು, ಮೊದಲಿಗೆ ಆತನನ್ನೇ.

ತೊಳೆಯುವುದಕ್ಕೆ ಒಂದು ವಿಧಿಯಿತ್ತು. ಬಿಲ್ಡಿಂಗಿನ ಉಳಿದ ಕಾರುಗಳನ್ನು ತೊಳೆಯುವವನಿಗೆ ಇದರ ಹತ್ತಿರ ಸುಳಿಯಲೂ ಬಿಡುತ್ತಿರಲಿಲ್ಲ. ಒಂದು ಬಕೆಟ್ಟಿನಲ್ಲಿ ಸೋಪು ನೀರು, ಇನ್ನೊಂದರಲ್ಲಿ ಬರಿ ನೀರು. ಒಂದು ಸಲ ಕಾರಿನ ಮೈಗೆ ತಗುಲಿದ ಬಟ್ಟೆಯನ್ನು ಬರಿ ನೀರಿನಲ್ಲಿ ಅದ್ದಿ ತೊಳೆದ ಮೇಲೇ ಮತ್ತೆ ಸೋಪಿಗೆ ಹಾಕಬೇಕು. ಚಕ್ರಕ್ಕೆ ಮುಟ್ಟಿದ ಬಟ್ಟೆ ಮೈಗೆ ಮುಟ್ಟಬಾರದು. ಕೈತಪ್ಪಿ ನೆಲಕ್ಕೆ ಬಿದ್ದ ಬಟ್ಟೆ ಕೆಟ್ಟಿತು, ಅದನ್ನು ಮತ್ತೆ ಬಳಸುವಂತಿಲ್ಲ. ಬಿಸಿಲಲ್ಲಿ ತೊಳೆದರೆ ನೀರಿನ ಕಲೆ ಕೂರುತ್ತದೆ, ನೆರಳಲ್ಲೇ ಆಗಬೇಕು. ಆದರೆ ಪರೀಕ್ಷೆ ಬಿಸಿಲಲ್ಲಿ. ಬಿಸಿಲಿಗೆ ಒಯ್ದು ನಿಲ್ಲಿಸಿ, ಮೂತಿ ಮುಂದೆ ಮಾಡಿ, ಬಾಗಿಲಿನ ಉದ್ದಕ್ಕೂ ಮೂಸುತ್ತ ಹೋಗುವವನಂತೆ ನೋಡುವುದು. ಜೇಡರ ಬಲೆಯಂಥ ಸಣ್ಣ ಗೀರು ಎಲ್ಲಾದರೂ ಕಂಡರೆ ಆ ದಿನ ಆಫೀಸಿನಲ್ಲಿ ಯಾರಿಗೋ ಗ್ರಹಚಾರ ಕಾದಿರುತ್ತಿತ್ತು. ಬಹಳ ಸಲ ಅದು ನನ್ನ ಯಜಮಾನರಿಗೇ.

ಒಂದು ಗೌರಿ ಹಬ್ಬದ ದಿನ ಕಸ್ಬಾದಲ್ಲಿರುವ ಕನ್ನಡಿಗರ ಮನೆಗೆ ಬಾಗಿನಕ್ಕೆ ಹೋಗುವುದಿತ್ತು. ಆತನ ಹೆಂಡತಿ ವಸುಧಾ, “ನಮ್ಮ ಜೋಡೀನ ಬರ್ರಿ, ಗಾಡ್ಯಾಗ ಜಾಗಾ ಅದ” ಎಂದು ಕರೆದಳು. ರೇಷ್ಮೆ ಸೀರೆ ಉಟ್ಟು, ಕೈತುಂಬ ಹಸಿರು ಗಾಜಿನ ಬಳೆ ತೊಟ್ಟು ಕೆಳಗಿಳಿದೆ. ಬಾಗಿಲಿನ ಹಿಡಿಗೆ ಕೈ ಚಾಚಿದ್ದೇ ತಡ, ಆತ ಆ ಕಡೆಯಿಂದ ಓಡಿ ಬಂದ.

“ಏ, ಏ, ತಡೀರಿ! ಬಳಿ, ಉಂಗರಾ ಎಲ್ಲಾ ತಗದು ಪರ್ಸಿನ್ಯಾಗ ಇಟ್ಕೋರಿ. ಹಿಡಿ ಹಿಂದ ನೋಡ್ರಿ ಹೆಂಗ ಗೀರ ಬೀಳ್ತಾವ. ಎಲ್ಲಾ ಹೆಣ್ಮಕ್ಕಳ ಕೆಲಸಾನ.”

ಗೌರಿ ಹಬ್ಬದ ದಿನ, ಗಂಡ ಪಕ್ಕದಲ್ಲೇ ನಿಂತಿರುವಾಗ, ಮುತ್ತೈದೆಗೆ ಬಳೆ ತೆಗೆ ಅನ್ನುವ ಗಂಡಸನ್ನು ಅಲ್ಲಿಯವರೆಗೆ ನಾನು ನೋಡಿರಲಿಲ್ಲ. ಮೈಯೆಲ್ಲ ಉರಿದುಹೋಯಿತು. ವಸುಧಾಳ ಕಡೆ ನೋಡಿದೆ. ಅವಳ ಎರಡು ಕೈಯೂ ಬೋಳು. ಬಳೆಗಳನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿ ಚೀಲದಲ್ಲಿ ಇಟ್ಟುಕೊಂಡಿದ್ದಳು, ಇಳಿದ ಮೇಲೆ ತೊಟ್ಟುಕೊಳ್ಳಲು. ನನ್ನ ಕಣ್ಣು ತಪ್ಪಿಸಿ ಸೆರಗು ಕೈಮೇಲೆ ಎಳೆದುಕೊಂಡಳು. “ನಾವು ಟ್ಯಾಕ್ಸಿಯಲ್ಲಿ ಬರ್ತೀವಿ” ಅಂದೆ. ದಾರಿಯುದ್ದಕ್ಕೂ ಯಜಮಾನರು, “ಸಾಹೇಬರು ಏನಂದ್ಕೊಂಡ್ರೋ, ಸ್ವಲ್ಪ ತಡ್ಕೋಬಾರ್ದಿತ್ತಾ” ಎಂದು ಗೊಣಗಿದರು. ನಾನು ಅವರ ಮೇಲೂ ಹಾರಾಡಿದೆ.

ಬೆಕ್ಕಿನ ಕಥೆಯನ್ನೂ ಹೇಳಬೇಕು. ನೆಲಮಹಡಿಯಲ್ಲಿದ್ದ, ಎಲ್ಲರೂ ಬೌದಿ, ಅಂದರೆ ಅತ್ತಿಗೆ, ಅನ್ನುತ್ತಿದ್ದ ಬಂಗಾಳಿ ಹೆಂಗಸು ಮೀನಿನ ತಲೆ ಹಾಕಿ ಒಂದು ಬೆಕ್ಕನ್ನು ಸಾಕಿದ್ದರು. ಚಳಿಗಾಲದಲ್ಲಿ ಅದು ಕಾರಿನ ಬೆಚ್ಚನೆಯ ಬಾನೆಟ್ಟಿನ ಮೇಲೆ ಮಲಗುತ್ತಿತ್ತು. ಒಂದು ಬೆಳಗ್ಗೆ ಕೆಳಗೆ ಅದರ ಕೂಗು ಕೇಳಿ ಓಡಿದೆ. ಇಲಿ ಹಿಡಿಯುವ ಅಂಟಿನ ಹಲಗೆಯನ್ನು ಆತ ಕಾರಿನ ಸುತ್ತ ಹರಡಿದ್ದ. ಬೆಕ್ಕು ಅದಕ್ಕೆ ಹೊಟ್ಟೆ, ಕಾಲು, ಬಾಲ ಅಂಟಿಸಿಕೊಂಡು ಬಿದ್ದಿತ್ತು. ಬೌದಿ ಅಳುತ್ತ ಸಾಸಿವೆ ಎಣ್ಣೆ ತಂದರು. ನಾವಿಬ್ಬರೂ ನೆಲದ ಮೇಲೆ ಕೂತು ಎಣ್ಣೆ ಹಚ್ಚಿ ಹಚ್ಚಿ ಬಿಡಿಸಿದೆವು. ಎಷ್ಟೋ ಕೂದಲು ಹಲಗೆಯಲ್ಲೇ ಉಳಿಯಿತು. ಆತ ಪಕ್ಕದಲ್ಲಿ ನಿಂತು, “ನಾ ಇಲಿಗೆ ಇಟ್ಟಿದ್ದೆ” ಅಂದ. ಸ್ವಲ್ಪ ಹೊತ್ತು ಬಿಟ್ಟು, “ಎಣ್ಣಿ ಕೈ ಗಾಡಿಗೆ ಮುಟ್ಟಿಸಬ್ಯಾಡ್ರಿ ಮತ್ತ” ಅಂದ.

ಇಷ್ಟಕ್ಕೆಲ್ಲ ನಾನು ಈ ಪುಟಗಳನ್ನು ಬರೆಯುತ್ತಿರಲಿಲ್ಲ. ಕಾರಿನ ಹುಚ್ಚಿನವರು ಊರಿಗೆ ಹತ್ತಾರು ಜನ ಸಿಗುತ್ತಾರೆ. ನನಗೆ ಹೇಸಿಗೆ ಹುಟ್ಟಿಸಿದ್ದು ಆತನ ತಾಯಿ ಇಲ್ಲಿಗೆ ಬಂದ ಮೇಲೆ ನಡೆದದ್ದು.

ಆತನಿಗೆ ತಾನು ದೊಡ್ಡ ಸುಧಾರಕನೆಂಬ ಜಂಬವಿತ್ತು. ಯಾರ ಮನೆಯಲ್ಲಿ ಊಟಕ್ಕೆ ಸೇರಿದರೂ ಆ ಕಥೆ ಬಂದೇ ಬರುತ್ತಿತ್ತು: ಮನೆಯಲ್ಲಿ ಅವ್ವನ ಮಡಿ, ಒಣಗಿಸಿದ ಮಡಿಬಟ್ಟೆ ಮುಟ್ಟಿದರೆ ಏಟು, ಸ್ನಾನ ಮಾಡದೆ ಅಡುಗೆಮನೆಗೆ ಕಾಲಿಟ್ಟರೆ ರಂಪ, ತಾನು ಹುಡುಗನಾಗಿದ್ದಾಗಲೇ ಜನಿವಾರ ಕಿತ್ತೆಸೆದು ಆ ಮನೆಯಿಂದ ಹೊರಬಿದ್ದದ್ದು. “ಮಡಿ ಅಂದ್ರ ಏನ್ರೀ? ಮನಷ್ಯಾನ್ನ ಮನಷ್ಯಾ ಮುಟ್ಟಬಾರದು ಅನ್ನೂದು. ನಾಚಿಕಿ ಆಗಬೇಕು” ಎಂದು ಇಲಿಶ್ ಮೀನಿನ ಮುಳ್ಳು ಬಿಡಿಸುತ್ತ ಹೇಳುತ್ತಿದ್ದ. ಮಾತು ಒಪ್ಪತಕ್ಕದ್ದೇ. ನನ್ನ ಅಜ್ಜಿಯ ಮಡಿಯಲ್ಲಿ ಬೆಂದವಳು ನಾನೂ. ಆಗ ತಲೆಯಾಡಿಸಿದ್ದೆ.

ಧಾರವಾಡದಲ್ಲಿ ಅವ್ವನನ್ನು ನೋಡಿಕೊಳ್ಳುತ್ತಿದ್ದ ದೊಡ್ಡ ಮಗ ತೀರಿಕೊಂಡ ಮೇಲೆ ಅವರನ್ನು ಇಲ್ಲಿಗೆ ಕರೆತಂದರು. ಸಣ್ಣ ಆಕೃತಿ, ಬೊಚ್ಚು ಬಾಯಿ, ನಗುಮುಖ. ಬಿಲ್ಡಿಂಗಿನ ಬಂಗಾಳಿಗಳಿಗೆ ವಾರದೊಳಗೆ ಮಾಶಿಮಾ, ಅಂದರೆ ಚಿಕ್ಕಮ್ಮ, ಆದರು, ನಮಗೆಲ್ಲ ಅವ್ವ. ಬಂದ ಸಂಜೆ ನಮ್ಮನ್ನು ಚಹಾಕ್ಕೆ ಕರೆದಿದ್ದರು. ಎಲ್ಲರೆದುರು ಆತ ಹೇಳಿದ: “ಅವ್ವಾ, ಇಲ್ಲೆ ನಿನ್ನ ಮಡಿ ಮೈಲಿಗಿ ನಡಿಯೂದಿಲ್ಲ ನೋಡು. ಅಡಗಿ ಮಾಡಾಕಿ ಬಂಗಾಲಿ. ಅಕಿ ಮೀನ ಹೆಚ್ಚೋ ಕಟ್ಟೀಮ್ಯಾಲೇ ನಿನ್ನ ಪಲ್ಯಾನೂ ಹೆಚ್ಚತಾಳ.”

“ಆತಪಾ,” ಅಂದರು ಅವ್ವ. “ನಿನ್ನ ಮನಿ. ನೀ ಹೆಂಗ ಹೇಳ್ತಿ ಹಂಗ.” ಆಮೇಲೆ ಸ್ವಲ್ಪ ಮುಂದೆ ಬಾಗಿ ಕೇಳಿದರು: “ಗಂಗಿ ಎಷ್ಟ ದೂರ ಅದನೋ?”

“ಇಲ್ಲೇ ಅದ. ಅರ್ಧಾ ತಾಸಿನ ಹಾದಿ.”

“ಹಂಗಾರ ಒಂದ ದಿನಾ ನಿನ್ನ ಗಾಡ್ಯಾಗ ಕರಕೊಂಡ ಹೋಗು. ಒಂದ ಮುಳುಗ ಹಾಕ್ತೀನಿ. ಮಗಾ ಗಾಡ್ಯಾಗ ಕರಕೊಂಡ ಹೋಗ್ತಾನ ಅಂತ ಓಣ್ಯಾಗ ಎಲ್ಲಾರಿಗೂ ಹೇಳಿ ಬಂದೀನಿ.”

“ಹೋಗೋಣಂತ” ಅಂದ.

ಜೀವಮಾನದ ಮಡಿಯನ್ನು ಅವ್ವ ಆ ಸಂಜೆಯೇ ಬಿಟ್ಟುಕೊಟ್ಟರು. ಬದಲಿಗೆ ಕೇಳಿದ್ದು ಅದೊಂದೇ.

ಅವ್ವ ಬಂದದ್ದು ಶರತ್ಕಾಲದಲ್ಲಿ. ದುರ್ಗಾಪೂಜೆಯ ಸಮಯ, ಬೀದಿ ಬೀದಿಗೂ ಪೆಂಡಾಲಿಗೆ ಬಿದಿರು ನೆಟ್ಟಿರುತ್ತಾರೆ, ಬಿದಿರಿನ ತುದಿ ತಗುಲಿದರೆ ಬಾಗಿಲಿನ ಉದ್ದಕ್ಕೂ ಗೀರು, ಈಗ ಬೇಡ. ಕಾಳಿಪೂಜೆ, ಪಟಾಕಿಯ ಬೂದಿ ಬೀಳುತ್ತದೆ. ಚಳಿಗಾಲ, ಧೂಳು. ದೋಲ್, ಇಲ್ಲಿಯ ಹೋಳಿ, ಬಣ್ಣ ಎರಚುತ್ತಾರೆ. ಬೇಸಿಗೆ, ಸಂಜೆ ಯಾವಾಗ ಕಾಲಬೈಶಾಖಿಯ ಬಿರುಗಾಳಿ ಎದ್ದು ಕೊಂಬೆ ಮುರಿದು ಬೀಳುತ್ತದೋ ಹೇಳಲಾಗದು. ಮಳೆಗಾಲ, ಕೆಸರು. ಎಲ್ಲಕ್ಕಿಂತ ಮೇಲೆ, ಗಂಗೆಯ ಸ್ನಾನಘಾಟಿನ ಹತ್ತಿರ ಕಾರು ನಿಲ್ಲಿಸುವುದೆಲ್ಲಿ? ಕೈಗಾಡಿಯವರು, ಹಸುಗಳು, ಒದ್ದೆ ಬಟ್ಟೆಯಲ್ಲಿ ಒರಗಿಕೊಂಡು ಹೋಗುವ ಜನ! ವರ್ಷವೊಂದು ಹೀಗೆ ಉರುಳಿತು. ಅವ್ವ ಕೇಳಿದಾಗಲೆಲ್ಲ “ಹೋಗೋಣಂತ.”

“ಅವ್ವಾ, ನಾನು ಟ್ಯಾಕ್ಸಿ ಮಾಡಿ ಕರ್ಕೊಂಡ್ ಹೋಗ್ತೀನಿ, ನಾಳೆನೇ ಹೋಗೋಣ” ಎಂದು ನಾನು ಎಷ್ಟೋ ಸಲ ಹೇಳಿದೆ. ಅವರು ನನ್ನ ಗಲ್ಲ ಸವರಿ, “ನೀ ಕರಕೊಂಡ ಹೋಗಾಕೀನ, ಗೊತ್ತದವಾ. ಆದ್ರ ಮಗಾ ಇದ್ದೂ ಟ್ಯಾಕ್ಸ್ಯಾಗ ಹೋದೆ ಅಂದ್ರ ಅವಗ ಹೆಸರ ಕೆಟ್ಟ ಬರ್ತದ” ಅನ್ನುತ್ತಿದ್ದರು. ಆತನ ಹೆಸರಿನ ಚಿಂತೆ ಅವರಿಗಿತ್ತು.

ಇನ್ನು ಆ ಬಟ್ಟೆಯ ಪ್ರಸಂಗ. ಕಾರು ಒರೆಸುವುದಕ್ಕೆಂದೇ ಆತ ತುಂಬ ಮೆತ್ತಗಿನ ತೆಳುನೀಲಿ ಬಟ್ಟೆಗಳನ್ನು ಇಟ್ಟುಕೊಂಡಿದ್ದ. ಮನೆಯಲ್ಲಿ ಒಂದು ಲೋಟ ಕೂಡ ತೊಳೆಯದವನು ಅವನ್ನು ಮಾತ್ರ ತಾನೇ ಒಗೆಯುತ್ತಿದ್ದ. ಬೇರೆ ಬಕೆಟ್ಟು, ಬೇರೆ ಸೋಪು. ಉಳಿದ ಬಟ್ಟೆಗಳ ಎಳೆ ಅಂಟಬಾರದೆಂದು ಹಿಂದಿನ ಬಾಲ್ಕನಿಯಲ್ಲಿ ಚಾವಣಿಗೆ ಹತ್ತಿರ ಬೇರೆಯೇ ಒಂದು ತಂತಿ ಕಟ್ಟಿಸಿ, ಕೋಲಿನಿಂದ ಹರವಿ, ಕೋಲಿನಿಂದಲೇ ತೆಗೆಯುತ್ತಿದ್ದ. ಯಾರೂ ಮುಟ್ಟಬಾರದೆಂದು ಕಟ್ಟಪ್ಪಣೆ. ಅವ್ವ ಇದನ್ನೆಲ್ಲ ತಿಂಗಳುಗಟ್ಟಲೆ ಸುಮ್ಮನೆ ನೋಡಿದರು. ಒಂದು ದಿನ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿ ಗುಟ್ಟು ಹೇಳುವವರಂತೆ, “ನನ್ನ ಮಗಾ ಮ್ಯಾಲೆ ಮ್ಯಾಲೆ ಬೈತಾನವಾ. ಒಳಗ ಎಲ್ಲಾ ಇಟ್ಕೊಂಡಾನ” ಅಂದರು. ಮುಖ ಅರಳಿತ್ತು. ಏನು ಇಟ್ಟುಕೊಂಡಿದ್ದಾನೆಂದು ನನಗೆ ಹೊಳೆಯಲಿಲ್ಲ.

ಹೊಳೆದದ್ದು ಏಕಾದಶಿಯ ಮಾರನೆಯ ಬೆಳಗ್ಗೆ, ಮೇಲಿನಿಂದ ಆತನ ಅರಚಾಟ ಕೇಳಿ ಹತ್ತಿ ಹೋದಾಗ. ಅವ್ವ ಸ್ನಾನ ಮಾಡಿ, ಕೋಲಿನಿಂದ ಆ ಬಟ್ಟೆಗಳನ್ನು ಇಳಿಸಿಕೊಂಡು, ಹುಣಸೆಹಣ್ಣಿನಲ್ಲಿ ಬೆಳಗಿದ ದೇವರನ್ನೂ ದೀಪದ ಕಂಬವನ್ನೂ ಅವುಗಳಿಂದ ಒರೆಸಿದ್ದರು. ಬೇರೆ ಒಗೆದದ್ದು, ಎತ್ತರದಲ್ಲಿ ಒಣಗಿಸಿದ್ದು, ಯಾರೂ ಮುಟ್ಟದ್ದು, ಕೋಲಿನಿಂದ ತೆಗೆಯುವುದು. ಎಂಬತ್ತು ದಾಟಿದ ಆ ಜೀವಕ್ಕೆ ಅಂಥ ಬಟ್ಟೆಗೆ ಇದ್ದದ್ದು ಒಂದೇ ಹೆಸರು. ಮಗ ಹೊರಗಿನವರ ಮುಂದೆ ಏನೇ ಅಂದರೂ ತಾಯಿಗಾಗಿ, ದೇವರಿಗಾಗಿ ಗುಟ್ಟಾಗಿ ಮಡಿಬಟ್ಟೆ ಇಟ್ಟಿದ್ದಾನೆಂದು ಅವರು ನಂಬಿದ್ದರು.

“ಎಣ್ಣಿ! ಹುಣಸಿ! ಇನ್ನ ಇದನ್ನ ಗಾಡಿಗೆ ಮುಟ್ಟಿಸಲಿಕ್ಕೆ ಬರ್ತದೇನು?” ಎಂದು ಆತ ಕುಣಿಯುತ್ತಿದ್ದ.

“ಗಾಡಿದಾ?” ಅಂದರು ಅವ್ವ. “ಇವು ದೇವರಿಗಲ್ಲಾ?”

ಆತ ಬಟ್ಟೆಗಳನ್ನು ಅವರ ಕೈಯಿಂದ ಕಿತ್ತು ಕಸದ ಬುಟ್ಟಿಗೆ ತುಂಬಿದ. ಒಂದರೊಳಗೆ ಸುತ್ತಿಟ್ಟಿದ್ದ ಪುಟ್ಟ ಹಿತ್ತಾಳೆ ಕೃಷ್ಣನೂ ಬುಟ್ಟಿಗೆ ಬಿದ್ದ. ವಸುಧಾ ಬಗ್ಗಿ ಅವನನ್ನು ಎತ್ತಿಕೊಂಡಳು. ಆಮೇಲೆ ಅವ್ವ ನನ್ನೊಡನೆ ಅದನ್ನೇ ನಗೆಯ ಮಾತು ಮಾಡಿದರು: “ನಾ ಬಿಟ್ಟ ಮಡಿ ಅವನ ಗಾಡಿಗೆ ಹತ್ತೇದ ನೋಡವಾ. ನನಗ ಗೊತ್ತಾಗಲೇ ಇಲ್ಲ.” ನನಗೆ ನಗು ಬರಲಿಲ್ಲ. ಚಕ್ರದ ಬಟ್ಟೆ, ಮೈ ಬಟ್ಟೆ, ನೆಲಕ್ಕೆ ಬಿದ್ದದ್ದು ಕೆಟ್ಟಿತು: ನನ್ನ ಅಜ್ಜಿಯ ಅಡುಗೆಮನೆಯ ಶಾಸನವೆಲ್ಲ ಆ ಪಾರ್ಕಿಂಗಿನಲ್ಲಿತ್ತು. ಅಜ್ಜಿಯ ಹತ್ತಿರ ದೇವರಾದರೂ ಇದ್ದ.

ಕೊನೆಗೊಂದು ದಿನ ಆತನೇ ಅವ್ವನನ್ನು ಕಾರಿನಲ್ಲಿ ಕೂರಿಸಿದ. ಪುಣೆಯಿಂದ ವಸುಧಾಳ ಅಣ್ಣ ಬಂದಿದ್ದ, ಅವನಿಗೆ ಕಾರು ತೋರಿಸಬೇಕಿತ್ತು. ಅವ್ವ ಬೇರೆ ಸೀರೆ, ತಾಮ್ರದ ಚೊಂಬು, ಅರಿಸಿನ ಕುಂಕುಮ ಎಲ್ಲ ಕಟ್ಟಿಕೊಂಡು ಹೊರಟರು. ಮಧ್ಯಾಹ್ನ ಮರಳಿದಾಗ ಗಂಟು ಹಾಗೇ ಇತ್ತು. ಆತ ಘಾಟಿಗೆ ಹೋಗಲೇ ಇಲ್ಲವಂತೆ. ಹೂಗ್ಲಿಯ, ಅಂದರೆ ಇಲ್ಲಿಯ ಗಂಗೆಯ, ದೊಡ್ಡ ಸೇತುವೆಯ ಮೇಲೆ ಕಾರು ಓಡಿಸುತ್ತ, “ಅವ್ವಾ, ಕೆಳಗ ನೋಡು, ಅದೇ ಗಂಗಿ. ಆತಲ್ಲಾ?” ಅಂದನಂತೆ. ಅಲ್ಲಿ ನಿಲ್ಲಿಸುವಂತಿಲ್ಲ. ಅವ್ವ ಮುಚ್ಚಿದ ಗಾಜಿನೊಳಗಿಂದ ಕೈಮುಗಿದರಂತೆ. ಇದನ್ನು ನನಗೆ ಹೇಳಿದ್ದು ವಸುಧಾ.

ಮಾರನೆಯ ದಿನ ಅವ್ವ ತಾವಾಗಿ ನಮ್ಮ ಮನೆಗೆ ಇಳಿದು ಬಂದು, “ಟ್ಯಾಕ್ಸಿ ತರಸ್ವಾ” ಅಂದರು.

ವಸುಧಾ, ನಾನು, ಅವ್ವ ಹಳದಿ ಟ್ಯಾಕ್ಸಿ ಮಾಡಿಕೊಂಡು ಬಾಗಬಜಾರಿನ ಘಾಟಿಗೆ ಹೋದೆವು. ನಾವಿಬ್ಬರೂ ಎರಡೂ ಕಡೆ ತೋಳು ಹಿಡಿದು ಮೆಟ್ಟಿಲು ಇಳಿಸಿದೆವು. ಅಲ್ಲಿ ಸ್ನಾನ ಮಾಡುತ್ತಿದ್ದ ಬಂಗಾಳಿ ಮುದುಕಿಯರು ಸರಿದು ಜಾಗ ಬಿಟ್ಟು, “ಎಶೋ ದೀದಿ, ಎಶೋ” ಎಂದು ಕರೆದರು. ಅವ್ವ ಮೂಗು ಹಿಡಿದು ಮುಳುಗಿ ಎದ್ದು, ಮಕ್ಕಳ ಹಾಗೆ ಬಾಯ್ತುಂಬ ನಕ್ಕರು. ಕಂದು ಬಣ್ಣದ ನೀರು, ಕೊಳೆತ ಚೆಂಡುಹೂವು, ಯಾವುದೂ ಅವರ ಕಣ್ಣಿಗೆ ಬೀಳಲಿಲ್ಲ. ಒಂದು ಪ್ಲಾಸ್ಟಿಕ್ ಬಾಟಲಿಯಲ್ಲಿ ಗಂಗೆ ತುಂಬಿಸಿಕೊಂಡರು. ಟ್ಯಾಕ್ಸಿಯಲ್ಲಿ ಅದನ್ನು ಮಡಿಲಲ್ಲೇ ಇಟ್ಟುಕೊಂಡಿದ್ದರು.

ನಾವು ಬಂದಾಗ ಆತ ಕಾರು ತೊಳೆದು ಮುಗಿಸಿ ಹಿಂದೆ ಸರಿದು ನೋಡುತ್ತ ನಿಂತಿದ್ದ. ಅವ್ವನಿ​ಗೆ ಆ ದಿನ ಯಾರ ಮೇಲೂ ಸಿಟ್ಟಿರಲಿಲ್ಲ. ಟ್ಯಾಕ್ಸಿ ಇಳಿದವರೇ ಬಾಟಲಿಯ ಮುಚ್ಚಳ ತೆಗೆದು, ಬೊಗಸೆಗೆ ಬಗ್ಗಿಸಿಕೊಂಡು, “ನಿನ್ನ ಗಾಡಿಗೂ ಒಳ್ಳೇದಾಗಲಿ” ಎಂದು ಬಾನೆಟ್ಟಿನ ಮೇಲೆ ಚಿಮುಕಿಸಿದರು. ಹೊಸ ಬಟ್ಟೆಗೆ, ಹೊಸ ಪಾತ್ರೆಗೆ, ಮಲಗಿದ ಮಗುವಿಗೆ ಚಿಮುಕಿಸುವ ಹಾಗೆಯೇ.

“ರಾಡಿ! ರಾಡಿ ನೀರು!” ಎಂದು ಆತ ಕಿರುಚಿದ. ಆ ಗಳಿಗೆಯಲ್ಲೂ ಬಟ್ಟೆ ಹಾಕಿ ಒರೆಸಲಿಲ್ಲ, ನೋಡಿ. ನೀರಲ್ಲಿ ಮರಳಿರುತ್ತದೆ, ಉಜ್ಜಿದರೆ ಗೀರು ಬೀಳುತ್ತದೆಂದು ಗೊತ್ತಿತ್ತು. ಓಡಿ ಪೈಪು ತಂದು ನೀರು ಬಿಟ್ಟು ಬಿಟ್ಟು ಅದನ್ನೆಲ್ಲ ಹರಿಸಿದ. ಅವ್ವನ ಕಾಲ ಮೇಲೆ ಆ ನೀರು ಹರಿದು ಹೋಯಿತು. ಆಮೇಲೆ ಅವರ ಕೈಯಿಂದ ಬಾಟಲಿ ಕಸಿದುಕೊಂಡು, ನಮ್ಮೆಲ್ಲರ ಎದುರು ಮೋರಿಗೆ ಬಗ್ಗಿಸಿದ. ಕೊನೆಯ ಹನಿ ಬೀಳುವವರೆಗೂ ಅಲುಗಿಸಿದ. “ಇದು ಗಂಗಿ ಅಲ್ಲ. ಗಟಾರ” ಅಂದ.

ಕುಡಿಯಲಿಲ್ಲ, ಲಂಚ ತಿನ್ನಲಿಲ್ಲ, ಯಾರಿಗೂ ಕೈ ಎತ್ತಲಿಲ್ಲ ಎಂದರು ಸಭೆಯಲ್ಲಿ. ಎಲ್ಲ ನಿಜ. ಅದಕ್ಕೇ ಅಂಥವರನ್ನು ಯಾರೂ ಏನೂ ಅನ್ನಲಾರರು. ಅವ್ವ ವಸುಧಾಳ ಹೆಗಲು ಹಿಡಿದು ಮೆಟ್ಟಿಲು ಹತ್ತಿದರು.

ಮರುದಿನದಿಂದ ಅವ್ವ ಮಡಿ ಹಿಡಿದರು. ಸೀರೆ ತಾವೇ ಒಗೆದು ಬೇರೆ ಹರವಿದರು, ತಮ್ಮ ನೀರಿನ ತಂಬಿಗೆ ಬೇರೆ ಇಟ್ಟರು. ಮೊದಲು ನಾವೆಲ್ಲ ಹೆದರಿ ದೂರ ನಿಂತೆವು. ಆದರೆ ಅದು ವಿಚಿತ್ರ ಮಡಿ. ವಸುಧಾ ಮುಟ್ಟಬಹುದು, ನಾನು ಮುಟ್ಟಬಹುದು, ನನ್ನ ಮಗಳು ಶಾಲೆಯ ಬೂಟಿನಲ್ಲೇ ಓಡಿ ಬಂದು ತೊಡೆಯ ಮೇಲೆ ಕೂರಬಹುದು. ಮೀನು ಹೆಚ್ಚಿದ ಕೈಯಲ್ಲಿ ಅಡುಗೆಯವಳು ಹಿಂಜರಿದು ನಿಂತರೆ, “ಬಾ ಬಾ, ಏನಾಗೂದಿಲ್ಲ” ಎಂದು ಅವಳ ಕೈಯಿಂದಲೇ ತಂಬಿಗೆ ಇಸಿದುಕೊಳ್ಳುತ್ತಿದ್ದರು. ಮಗ ಹತ್ತಿರ ಬಂದರೆ ಮಾತ್ರ ಸೆರಗು ಒಟ್ಟುಮಾಡಿಕೊಂಡು ಹಿಂದೆ ಸರಿಯುತ್ತಿದ್ದರು.

“ಮುಟ್ಟಬ್ಯಾಡಪಾ. ಮಡೀಲೆ ಇದ್ದೀನಿ.”

ಸಿಟ್ಟಿಲ್ಲ, ವ್ಯಂಗ್ಯವಿಲ್ಲ. ಬಿಸಿ ಪಾತ್ರೆ ಮುಟ್ಟಬೇಡ ಎಂದು ಮಗುವಿಗೆ ಹೇಳುವ ದನಿ. ಮೊದಮೊದಲು ಆತ ಅದನ್ನೂ ಜೋಕು ಮಾಡಿ ಬಂದವರಿಗೆಲ್ಲ ಹೇಳಿದ, ಅವ್ವನಿಗೆ ಅರಳುಮರಳು ಅಂದ. ಆಮೇಲೆ ರೇಗಾಡಿದ. ಬರಬರುತ್ತ ಸುಮ್ಮನಾದ. ಕಾರು ಮಾತ್ರ ಎಂದಿನಂತೆ ಹೊಳೆಯುತ್ತಿತ್ತು.

ಈ ಚಳಿಗಾಲದಲ್ಲಿ ಆತನಿಗೆ ಜ್ವರ ಬಂತು. ನಾನು ಮೆಣಸಿನ ಸಾರು ಕೊಟ್ಟುಬರಲು ಹೋಗಿದ್ದೆ. ಆತ ಕಂಬಳಿ ಹೊದ್ದು ಅವ್ವನ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಇಷ್ಟು ದಿನದಲ್ಲಿ ಆ ದನಿ ನಾನು ಕೇಳಿರಲಿಲ್ಲ. “ಅವ್ವಾ, ಹಣಿ ಮುಟ್ಟಿ ನೋಡು, ಎಷ್ಟ ಸುಡಲಿಕ್ಕೆ ಹತ್ತೇದ” ಅಂದ. ಅವ್ವ ಮಂಚದ ಮೇಲಿಂದ ಮಗನ ಮುಖವನ್ನೇ ನೋಡಿದರು. ಬಲಗೈ ಸ್ವಲ್ಪ ಮೇಲೆದ್ದಿತು, ಸೀರೆಯ ಮಡಿಕೆಯ ಮೇಲೆ ಮತ್ತೆ ಕೂತಿತು. “ಮಡೀಲೆ ಇದ್ದೀನಪಾ. ಗುಳಿಗಿ ತಗೋ.” ಒಂದು ಕ್ಷಣ ನನಗೆ ಅಯ್ಯೋ ಅನ್ನಿಸಿತು, ಸುಳ್ಳು ಹೇಳಲಾರೆ. ಆ ಕ್ಷಣ ದಾಟಿದ ಮೇಲೆ ಇನ್ನಷ್ಟು ಅಸಹ್ಯವಾಯಿತು. ಮೀನು ಹೆಚ್ಚಿದ ಕೈಯಿಂದ ನೀರು ಕುಡಿಯುವಷ್ಟು ಮೆತ್ತಗಾಗಿದ್ದ ಜೀವವನ್ನು ಹೀಗೆ ಕಲ್ಲು ಮಾಡಿಟ್ಟವನು ಆತನೇ. ಉಳಿದದ್ದನ್ನೆಲ್ಲ ಮರೆತರೂ ಅದನ್ನು ನಾನು ಮರೆಯುವುದಿಲ್ಲ.

ಜ್ವರ ಬಿಟ್ಟು, ಆಫೀಸಿಗೆ ಹೋಗತೊಡಗಿದ ಮೇಲೆ, ಕಳೆದ ತಿಂಗಳು ಒಂದು ಬೆಳಗ್ಗೆ ಕುರ್ಚಿಯಲ್ಲೇ ಎದೆ ಹಿಡಿದುಕೊಂಡನಂತೆ. ಆಸ್ಪತ್ರೆಯಿಂದ ದೇಹ ತಂದು ಕೆಳಗೆ ಪಾರ್ಕಿಂಗಿನಲ್ಲೇ ಮಲಗಿಸಿದರು, ಮೆಟ್ಟಿಲು ಇಕ್ಕಟ್ಟು. ಆಫೀಸಿನವರು, ಸಂಘದವರು, ಬಿಲ್ಡಿಂಗಿನವರು ತುಂಬಿಕೊಂಡರು. ಹೂಚಕ್ರ, ಕೈಚೀಲ, ಹೆಲ್ಮೆಟ್ಟು ಎಲ್ಲವನ್ನೂ ಜನ ಆ ಕಪ್ಪು ಬಾನೆಟ್ಟಿನ ಮೇಲೆ ಇಡುತ್ತಿದ್ದರು. ವಸುಧಾ ಒಣಗಿದ ಕಣ್ಣಿನಲ್ಲಿ ನೋಡುತ್ತ ಕೂತಿದ್ದಳು. ಯಾರಿಗೂ ಬೇಡ ಅನ್ನಲಿಲ್ಲ.

ಅವ್ವನನ್ನು ಕೈಹಿಡಿದು ನಾನೇ ಇಳಿಸಿಕೊಂಡು ಬಂದೆ. ಬೆಳಗಿನ ಸ್ನಾನವಾಗಿತ್ತು, ಮಡಿಸೀರೆಯಲ್ಲೇ ಇದ್ದರು. ಸಂಘದ ಹಿರಿಯರೊಬ್ಬರು ಒಂದು ಲೋಟದಲ್ಲಿ ನೀರು, ತುಳಸಿ ತಂದು ಅವರ ಕೈಗಿಟ್ಟು, “ತಾಯೀ, ಬಾಯಿಗೆ ಒಂದು ಹನಿ ಗಂಗೆ ಬಿಡಿ” ಅಂದರು. ಅವ್ವ ಲೋಟ ಹಿಡಿದುಕೊಂಡರು. ಹತ್ತಿರ ಹೋಗದೆ ಅಲ್ಲೇ ನಿಂತರು. ಮಗನ ಮುಖ ನೋಡಿದರು, ಲೋಟದೊಳಗೆ ನೋಡಿದರು. ಆಮೇಲೆ ಸುತ್ತ ನಿಂತವರನ್ನು ಕೇಳಿದರು:

“ಈ ನೀರು ಅವಗ ನಡೀತದೇನು?”

ಕೊಂಕು ಮಾತಲ್ಲ ಅದು. ಅವರಿಗೆ ನಿಜವಾಗಿಯೂ ಉತ್ತರ ಬೇಕಾಗಿತ್ತು, ಕಾಯುತ್ತ ನಿಂತಿದ್ದರು. ಸಂಘದವರಿಗೆ ಅರ್ಥವಾಗದೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನಗೆ ಮೋರಿಗೆ ಬಗ್ಗಿಸಿದ ಆ ಬಾಟಲಿ ನೆನಪಾಯಿತು. ಕಡೆಗೆ ವಸುಧಾ ಕೂತಲ್ಲಿಂದಲೇ, “ನಡೀತದ ಅವ್ವಾ. ಈಗ ನಡೀತದ” ಅಂದಳು.

ಅವ್ವ ಬಗ್ಗಿ, ಲೋಟವನ್ನು ಎತ್ತರದಲ್ಲೇ ಹಿಡಿದು, ತುಟಿಯ ಮೇಲೆ ನೀರು ಬಿಟ್ಟರು. ಕೈ ತಗುಲಿಸಲಿಲ್ಲ.